ರೊಟ್ಟಿ ಬುಟ್ಟಿಯಲ್ಲಿ ಹಿಡಿಸುವ ಕಂಪ್ಯೂಟರ್

ನನ್ನ ಅಕ್ಕನ ಮಗಳಿಗೆ ಫೋಲ್ಡರ್ ಅಂದರೆ ಏನು ಅಂತ ಗೊತ್ತಿರಲಿಲ್ಲ.

ಹುಡುಗಿ ದಡ್ಡಿ ಅಂದುಕೋಬೇಡಿ. ಹತ್ತನೇ ಇಯತ್ತೆಯಲ್ಲಿ ಗಣಿತಕ್ಕೆ ನೂರಕ್ಕೆ 97 ತಗೊಂಡವಳು. ಈಗ ಸವದತ್ತಿಯಲ್ಲಿ ಪಿಯುಸಿ ಓದುತ್ತಾಳೆ, ಅದೂ ಕಂಪ್ಯೂಟರ್ ಸೈನ್ಸ್ ತಗೊಂಡು. ಪ್ರೋಗ್ರಾಮುಗಳನ್ನು ರೆಕಾರ್ಡ್ ಪುಸ್ತಕದಲ್ಲಿ ಗೆರೆ ಹೊಡೆದು, ಪೆನ್ನಿನಲ್ಲಿ, ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಾಳೆ. ಒಂದು ರಾತ್ರಿ ಫೋನ್ ಮಾಡಿದಳು.

"ಮಾಮಾ, ನೀ ಕಳಿಸಿದ ಫೈಲು ಡೌನ್‌ಲೋಡ್ ಆಗೇತಿ. ಎಲ್ಲಿ ಹೋಗೇತೋ, ಸಿಗವಲ್ದು."

"ಯಾವ ಫೋಲ್ಡರಿನ್ಯಾಗ ಐತಿ ನೋಡವಾ."

"ಫೋಲ್ಡರ್ ಅಂದ್ರ?"

ನಾನು ಹನ್ನೆರಡು ವರ್ಷದಿಂದ ಸಾಫ್ಟ್‌ವೇರಿನ ಅನ್ನ ತಿನ್ನುತ್ತಿದ್ದೇನೆ. ಆ ಪ್ರಶ್ನೆಗೆ ಫೋನಿನಲ್ಲಿ ಉತ್ತರ ಕೊಡಲಿಕ್ಕೆ ಆಗಲಿಲ್ಲ. ಕಪಾಟು, ಕಪಾಟಿನೊಳಗೆ ಖಾನೆ, ಖಾನೆಯೊಳಗೆ ಡಬ್ಬಿ ಅಂತ ಏನೇನೋ ಹೇಳಿದೆ. "ಹ್ಞೂಂ" ಅಂದಳು. ತಿಳಿದಿಲ್ಲ ಅನ್ನೋದು ಆ ಹ್ಞೂಂನಲ್ಲೇ ತಿಳೀತು. ಅವಳು ಹುಟ್ಟಿದಾಗಿನಿಂದ ಕೈಯಲ್ಲಿ ಹಿಡಿದದ್ದು ಮೊಬೈಲ್ ಒಂದೇ. ಮೊಬೈಲಿನಲ್ಲಿ ಫೈಲುಗಳಿಗೆ ಮನೆ ಅಂತ ಇರೋದಿಲ್ಲ. ಆಪ್ ತೆಗೆದರೆ ಕಾಣುತ್ತವೆ, ಮುಚ್ಚಿದರೆ ಮಾಯ.

ತಮಾಷೆ ಅಂದರೆ, ಎರಡು ವರ್ಷದ ಹಿಂದೆ ಆ ಮನೆಗೆ ನಾನೇ ಒಂದು ಹಳೇ ಲ್ಯಾಪ್‌ಟಾಪ್ ಕೊಟ್ಟಿದ್ದೆ.

"ಅದೆಲ್ಲೈತಿ?"

"ಅಣ್ಣ ಧಾರವಾಡಕ್ಕ ಒಯ್ದಾನಲ್ಲ ಮಾಮಾ."

ಸರಿ. ಅಣ್ಣ ಡಿಗ್ರಿ ಓದುತ್ತಾನೆ, ಅವನಿಗೂ ಬೇಕು. ಯಾರೂ ತಪ್ಪು ಮಾಡಿಲ್ಲ. ಆದರೆ ಒಂದು ಮಾತು ಆವತ್ತು ನನ್ನ ತಲೆಗೆ ಹೊಕ್ಕಿತು: ಮನೆಗೆ ಅಂತ ಕೊಟ್ಟ ಲ್ಯಾಪ್‌ಟಾಪು ಮನೆಯಲ್ಲಿ ಉಳಿಯೋದಿಲ್ಲ. ದೊಡ್ಡ ಮಗನ ಬ್ಯಾಗಿನಲ್ಲಿ ಕೂತು ಬಸ್ಸು ಹತ್ತುತ್ತದೆ. ಹಿಂದೆ ಉಳಿಯೋದು ಹುಡುಗಿ, ಅವಳ ತಮ್ಮ, ಮತ್ತು ಚಾರ್ಜ್ ನಿಲ್ಲದ ಒಂದು ಮೊಬೈಲು.

ಬೆಂಗಳೂರಿನಲ್ಲಿ ನಮ್ಮ ಕಡೆಯವರದ್ದೊಂದು ಟೋಳಿ ಇದೆ. ಬೈಲಹೊಂಗಲದವ ನಾನು, ಕಿತ್ತೂರಿನವನೊಬ್ಬ, ಸವದತ್ತಿಯವನೊಬ್ಬ, ರಾಮದುರ್ಗದವನೊಬ್ಬ. ಭಾನುವಾರ ಒಂದು ಖಾನಾವಳಿಯಲ್ಲಿ ಸೇರಿ ಖಡಕ್ ರೊಟ್ಟಿ, ಎಣಗಾಯಿ ತಿಂದು ಊರಿನವರ ಬಗ್ಗೆ ಮಾತಾಡುತ್ತೇವೆ. ಆ ವಾರ ಇದನ್ನೇ ಕೇಳಿದೆ: ಹುಡುಗಿಗೆ ದಿನಬಳಕೆಗೆ ಒಂದು ಕಂಪ್ಯೂಟರ್ ಬೇಕು, ಸಣ್ಣಪುಟ್ಟ ಗೇಮೂ ಆಡುವಂತಿರಬೇಕು, ಏನು ಕೊಡಿಸಲಿ?

ರಾಮದುರ್ಗದವ ಅಂದ: "ಕೊಡ್ಸೂದಾದ್ರ ಗೇಮಿಂಗ್ ಲ್ಯಾಪ್‌ಟಾಪ್ ಕೊಡ್ಸು. ಇಎಂಐ ಹಾಕು. ಐದ ವರ್ಷ ಹೊಳ್ಳಿ ನೋಡೂದ ಬ್ಯಾಡ."

ಕಿತ್ತೂರಿನವ ಅಂದ: "ಹಳ್ಳ್ಯಾಗಿನ ಹುಡುಗಿಗೆ ಅಷ್ಟೆಲ್ಲಾ ಯಾಕ? ಟ್ಯಾಬ್ ಸಾಕು. ಕ್ಲಾಸ್ ನೋಡತಾಳ, ಮುಗೀತು."

ಸವದತ್ತಿಯವ ಅಂದ: "ಏನರ ಕೊಡ್ಸೋ ಮಾರಾಯಾ, ಗೇಮ್ ಮಾತ್ರ ಹಾಕಬ್ಯಾಡ."

ಮೂವರೂ ಇಂಜಿನಿಯರುಗಳು. ಮೂವರ ಮಾತೂ ತಪ್ಪು. ಅವರ ಜೊತೆ ಖಾನಾವಳಿಯಲ್ಲಿ ಅರ್ಧಕ್ಕೆ ನಿಂತ ಜಗಳವನ್ನು ಇಲ್ಲಿ ಪೂರ್ತಿ ಮಾಡುತ್ತೇನೆ. ಈ ಮೂರು ಮಾತಿನಲ್ಲಿ ಒಂದಾದರೂ ನಿಮ್ಮದೂ ಆಗಿರುತ್ತದೆ ಅನ್ನೋದು ನನ್ನ ಅನುಮಾನ.

ಮೊದಲು ಗೇಮಿಂಗ್ ಲ್ಯಾಪ್‌ಟಾಪು. ಇದರ ಬಗ್ಗೆ ಮಾತಾಡೋ ಹಕ್ಕು ನನಗಿದೆ, ಯಾಕಂದರೆ ಆ ತಪ್ಪು ನಾನೂ ಮಾಡಿದ್ದೇನೆ. 2021ರಲ್ಲಿ, ಮನೆಯಿಂದಲೇ ಕೆಲಸ ಮಾಡುತ್ತಿದ್ದ ಕಾಲದಲ್ಲಿ, 92 ಸಾವಿರಕ್ಕೆ, ಹದಿನೆಂಟು ಕಂತಿನಲ್ಲಿ ಒಂದು ತಗೊಂಡೆ. ಕೀಬೋರ್ಡಿನ ತುಂಬ ಜಾತ್ರೆಯ ಲೈಟಿಂಗು. ಆಟ ಶುರು ಮಾಡಿದರೆ ಫ್ಯಾನು ನಮ್ಮೂರ ಹತ್ತಿ ಜಿನ್ನಿಂಗ್ ಮಿಲ್ಲಿನ ಹಾಗೆ ಒದರುತ್ತದೆ. ಎರಡೂಕಾಲು ಕೇಜಿ ತೂಕ, ಅದರ ಮೇಲೆ ಇಟ್ಟಂಗಿಯಂಥ ಅಡಾಪ್ಟರು. ಪ್ಲಗ್ ಕಿತ್ತು ಆಟ ಆಡಿದರೆ ಮುಕ್ಕಾಲು ತಾಸಿಗೆ ಬ್ಯಾಟರಿ ಖಾಲಿ. ಕಂತು ಮುಗಿಯುವ ಹೊತ್ತಿಗೆ ನಾನು ಅದರಲ್ಲಿ ಮುಗಿಸಿದ್ದು ಎರಡೇ ಆಟ. ಉಳಿದ ಹೊತ್ತೆಲ್ಲ ಅದು ಬ್ರೌಸರ್ ತೆರೆದು ವಿಡಿಯೋ ತೋರಿಸುತ್ತ ಕೂತಿತ್ತು. ಎತ್ತಿನ ಬಂಡಿ ಕಟ್ಟಿಕೊಂಡು ಒಂದು ಸಿವುಡು ಕೊತ್ತಂಬರಿ ಹೇರಿ ಸಂತೆಗೆ ಹೋದಂಗೆ.

ನಾವ್ಯಾಕೆ ಇಂಥದ್ದನ್ನ ತಗೋತೇವೆ ಅಂತ ನಮಗೆಲ್ಲ ಗೊತ್ತು. ಹುಡುಗರಾಗಿದ್ದಾಗ ಸಿಗದ್ದನ್ನ ಈಗ ಸಂಬಳದಲ್ಲಿ ತೀರಿಸಿಕೊಳ್ಳುತ್ತಿದ್ದೇವೆ. ತೀರಿಸಿಕೊಳ್ಳಿ, ನಿಮ್ಮ ದುಡ್ಡು. ಅದನ್ನ ಅಗತ್ಯ ಅಂತ ಮಾತ್ರ ಕರೀಬೇಡಿ. ಮತ್ತು ಅದರ ಬ್ಯಾಟರಿ ಊದಿಕೊಂಡು, ಹಿಂಜು ಮುರಿದು, ಕೀಬೋರ್ಡಿನ ನಾಲ್ಕು ಅಕ್ಷರ ಸತ್ತ ಮೇಲೆ "ಊರಿಗೆ ಕೊಟ್ಟುಬಿಡೋಣ, ಹುಡುಗರು ಕಲೀತಾವೆ" ಅಂತ ಪುಣ್ಯ ಕಟ್ಟಿಕೊಳ್ಳಬೇಡಿ. ದಾನದ ಎಮ್ಮೆಯ ಹಲ್ಲು ನೋಡಬಾರದು ಅನ್ನೋದು ಇಸಗೊಳ್ಳುವವರಿಗೆ ಹೇಳಿದ ಮಾತು. ಕೊಡುವವರಾದರೂ ನೋಡಬೇಕಲ್ಲ! ಧಾರವಾಡಕ್ಕೆ ಹೋದ ನನ್ನ ಲ್ಯಾಪ್‌ಟಾಪೂ ಇಂಥದ್ದೇ ದಾನ ಅಂತ ಒಪ್ಪಿಕೊಂಡುಬಿಡುತ್ತೇನೆ.

ಎರಡನೆಯದು, ಟ್ಯಾಬ್ ಸಾಕು ಅನ್ನೋ ಮಾತು. ನನಗೆ ಸಿಟ್ಟು ಬಂದದ್ದು ಇದಕ್ಕೇ.

ಹಳ್ಳಿಯವರಿಗೆ ಎಂಥ ಕಂಪ್ಯೂಟರ್ ಬೇಕು ಅಂತ ಬೆಂಗಳೂರು ಯೋಚನೆ ಮಾಡಿದ್ದು ಇದೇ ಮೊದಲಲ್ಲ. ಸಿಂಪ್ಯೂಟರ್ ನೆನಪಿದೆಯಾ? ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಎನ್‌ಕೋರ್ ಕಂಪನಿಯವರೂ ಸೇರಿ 1999ರಲ್ಲಿ ಅದಕ್ಕಾಗಿ ಒಂದು ಟ್ರಸ್ಟ್ ಮಾಡಿದರು. ಅಂಗೈಯಲ್ಲಿ ಹಿಡಿಯುವ, ಲಿನಕ್ಸ್ ಮೇಲೆ ಓಡುವ ಯಂತ್ರ. ಊರಿನವರೆಲ್ಲ ಒಂದನ್ನೇ ಹಂಚಿಕೊಂಡು, ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸಬೇಕು ಅನ್ನೋ ಕನಸು. 2004ರಲ್ಲಿ ಬಿಇಎಲ್‌ನಲ್ಲಿ ತಯಾರಾಗಿ 'ಅಮಿಡಾ' ಹೆಸರಿನಲ್ಲಿ ಮಾರುಕಟ್ಟೆಗೂ ಬಂತು. ಐಫೋನ್ ಬರೋದಕ್ಕೆ ಮೂರು ವರ್ಷ ಮೊದಲು! ಆ ಬುದ್ಧಿಗೆ, ಆ ಕಾಳಜಿಗೆ ನನ್ನ ನಮಸ್ಕಾರ ಇದೆ. ಆದರೂ ಅದು ಕೆಲವು ಸಾವಿರಕ್ಕಿಂತ ಹೆಚ್ಚು ಖರ್ಚಾಗಲಿಲ್ಲ. ಅಷ್ಟರಲ್ಲಿ ಅಗ್ಗದ ಮೊಬೈಲು ಬಂತು, ನಾವು ತಪ್ಪು ಪಾಠ ಕಲಿತೆವು. ಹಳ್ಳಿಗೆ ಕಂಪ್ಯೂಟರ್ ಬೇಕಾಗಿಲ್ಲ, ಮೊಬೈಲಾದರೆ ಸಾಕು ಅಂತ ತೀರ್ಮಾನ ಮಾಡಿಬಿಟ್ಟೆವು.

ಸಾಕಾ? ಟ್ಯಾಬಿನಲ್ಲಿ ಕ್ಲಾಸ್ ನೋಡಬಹುದು, ಒಪ್ಪಿದೆ. ಆದರೆ ನೀವು ಟ್ಯಾಬಿನಲ್ಲಿ ಕೋಡ್ ಬರೀತೀರಾ? ನಿಮ್ಮ ಎಕ್ಸೆಲ್ ಶೀಟು ಮೊಬೈಲಿನಲ್ಲಿ ಮಾಡ್ತೀರಾ? ನಿಮಗೆ ಎರಡೆರಡು ಮಾನಿಟರ್ ಬೇಕು, ಅವಳಿಗೆ ಹತ್ತಿಂಚಿನ ಗಾಜು ಸಾಕು!

ಇನ್ನೊಂದು ಹೇಳಬೇಕು, ಹೇಳಲಿಕ್ಕೆ ನಾಚಿಕೆ ಆಗುತ್ತದೆ. ಹೊಸಬರನ್ನು ತಗೊಳ್ಳುವ ಸಂದರ್ಶನಗಳಲ್ಲಿ ನಾನೂ ಕೂತಿರುತ್ತೇನೆ. ಒಮ್ಮೆ ನಮ್ಮ ಕಡೆಯ ಹುಡುಗ ಬಂದಿದ್ದ, ಮಾತಿನಲ್ಲೇ ಗೊತ್ತಾಯಿತು. ಬೋರ್ಡಿನ ಮೇಲೆ ಲೆಕ್ಕ ಕೊಟ್ಟರೆ ಚಕಚಕ ಬಿಡಿಸಿದ. ಕಂಪ್ಯೂಟರ್ ಮುಂದೆ ಕೂರಿಸಿದರೆ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿದ. ಫೈಲ್ ಉಳಿಸಿದ, ಎಲ್ಲಿ ಉಳಿಸಿದೆ ಅಂತ ಅವನಿಗೇ ಸಿಗಲಿಲ್ಲ. ಬೆವರಿದ. ನಾನು ಕಡಿಮೆ ಅಂಕ ಹಾಕಿದೆ. ನಿಯಮದ ಪ್ರಕಾರ ಸರಿಯಾಗೇ ಹಾಕಿದೆ. ಆದರೆ ಅವನಿಗೆ ಬುದ್ಧಿಯೇನೂ ಕಡಿಮೆ ಇರಲಿಲ್ಲ. ಕಡಿಮೆ ಬಿದ್ದದ್ದು ಮನೆಯಲ್ಲಿ ಒಂದು ಯಂತ್ರದ ಮುಂದೆ ಸುಮ್ಮನೆ ಕಳೆಯಬೇಕಾದ ಸಾವಿರಾರು ತಾಸು. ಅಕ್ಕನ ಮಗಳು "ಫೋಲ್ಡರ್ ಅಂದ್ರ?" ಅಂದಾಗ ನನಗೆ ನೆನಪಾದದ್ದು ಆ ಹುಡುಗನ ಮುಖ.

ಆ ತಾಸುಗಳನ್ನು ಸುಮ್ಮನೆ ಯಾರು ಕಳೀತಾರೆ? ಹದಿನಾರು ವರ್ಷದ ಹುಡುಗಿ ಸ್ಪ್ರೆಡ್‌ಶೀಟ್ ನೋಡುತ್ತ ಕೂರುತ್ತಾಳಾ? ಇದಕ್ಕೇ ಮೂರನೆಯ ಮಾತಿಗೆ ಬರಬೇಕು: ಗೇಮ್ ಬೇಡ ಅನ್ನೋದು.

ನಮ್ಮ ಶಾಲೆಯಲ್ಲೂ ಒಂದು ಕಂಪ್ಯೂಟರ್ ಕೋಣೆ ಇತ್ತು. ಚಪ್ಪಲಿ ಹೊರಗೆ ಬಿಡಬೇಕು. ಕಂಪ್ಯೂಟರುಗಳ ಮೇಲೆ ಹೂವಿನ ಚಿತ್ತಾರದ ಅರಿವೆಯ ಗವಸು. ಖಂಡೇ ಪೂಜೆಗೆ ಕುಂಕುಮ, ಕಾಯಿ. ಮುಟ್ಟಿದರೆ ಕೆಡುತ್ತದೆ ಅನ್ನೋ ಅಂಜಿಕೆ ಸರ್‌ಗೂ ಇತ್ತು, ನಮಗೂ ಇತ್ತು. ಆ ಕೋಣೆಯಲ್ಲಿ ನಾನು ಕಲಿತದ್ದು ಚಪ್ಪಲಿ ಸಾಲಾಗಿ ಬಿಡೋದನ್ನ ಮಾತ್ರ.

ಕಂಪ್ಯೂಟರ್ ಕಲಿತದ್ದು ಬೈಲಹೊಂಗಲದಲ್ಲಿ, ಗೆಳೆಯನ ಕಾಕಾನ ಮನೆಯಲ್ಲಿ. ಅಲ್ಲಿ 128 ಎಂಬಿ ರ‍್ಯಾಮಿನ ಒಂದು ಕಂಪ್ಯೂಟರ್ ಇತ್ತು, ಅದರಲ್ಲಿ ವೈಸ್ ಸಿಟಿ ಇತ್ತು. ಆಟ ತೆವಳುತ್ತಿತ್ತು. ತೆವಳಬಾರದು ಅಂತ ನಾವು ರೆಸಲ್ಯೂಷನ್ ಇಳಿಸಿದೆವು, ಹಿಂದೆ ಓಡುತ್ತಿದ್ದ ಬೇರೆ ಪ್ರೋಗ್ರಾಮುಗಳನ್ನು ಹುಡುಕಿ ಮುಚ್ಚಿದೆವು. ಒಮ್ಮೆ ಗ್ರಾಫಿಕ್ಸ್ ಡ್ರೈವರ್ ಅಳಿಸಿ ಕಾಕಾನ ಕೈಯಲ್ಲಿ ಬೈಸಿಕೊಂಡೆವು, ಮರುದಿನ ನಾವೇ ಅದನ್ನ ಮತ್ತೆ ಹಾಕಿದೆವು. ಗೆಳೆಯ ನನ್ನ ಆಟದ ಮೇಲೆ ತನ್ನ ಆಟ ಉಳಿಸಿ ಕೆಡಿಸುತ್ತಾನೆ ಅಂತ ನನ್ನ ಸೇವ್ ಫೈಲನ್ನು ಹುಡುಕಿ ಫ್ಲಾಪಿಗೆ ಹಾಕಿಕೊಂಡು ಊರಿಗೆ ಒಯ್ಯುತ್ತಿದ್ದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ಆದರೂ ಫ್ಲಾಪಿ ದಿಂಬಿನ ಕೆಳಗೆ! ಫೋಲ್ಡರ್ ಅಂದರೇನು ಅಂತ ನನಗೆ ಕಲಿಸಿದ್ದು ಯಾವ ಸರ್ ಅಲ್ಲ, ಆ ಸೇವ್ ಫೈಲು.

ಗೇಮ್ ಅಂದರೆ ದೊಡ್ಡವರಿಗೆ ಅಂಜಿಕೆ ಇರೋದು ಸಹಜ. ಭಾವ ಫೋನಿನಲ್ಲೇ ಹೇಳಿದ್ದರು: "ಏನಪಾ ಇಂಜಿನಿಯರ, ಕಂಪ್ಯೂಟರ್ ಬಂತಂದ್ರ ಆಟ ಬಂತು. ಆಟ ಬಂತಂದ್ರ ಮಾರ್ಕ್ಸ್ ಹ್ವಾದು." ನಾನು ಕೇಳಿದೆ, ಈಗ ಸಣ್ಣವ ಆಟ ಆಡೂದಿಲ್ಲೇನು? ಆಡುತ್ತಾನೆ. ಮೊಬೈಲಿನಲ್ಲಿ, ರಾತ್ರಿ, ಕೌದಿ ಹೊದ್ದುಕೊಂಡು, ಯಾರಿಗೂ ಕಾಣದಂಗೆ. ಪಡಸಾಲೆಯಲ್ಲಿ ಟಿವಿ ಪಕ್ಕ ಕೂತ ಕಂಪ್ಯೂಟರಿನಲ್ಲಿ ಆಡಿದರೆ ಅಜ್ಜಿಗೆ ಕಾಣುತ್ತದೆ, ಅವ್ವನಿಗೆ ಕಾಣುತ್ತದೆ, ಬಾಗಿಲಲ್ಲಿ ಬಂದು ನಿಂತವರಿಗೂ ಕಾಣುತ್ತದೆ. ಕದ್ದು ಆಡುವ ಆಟಕ್ಕಿಂತ ನಾಲ್ಕು ಜನರ ಮುಂದೆ ಆಡುವ ಆಟ ಯಾವತ್ತೂ ಚಲೋ. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು "ನೋಡ್ರಿ ಹಂಗಾರ" ಅಂದರು. ನೀ ಹೋಗಿ ರಿ ಬಂತು ಅಂದರೆ ಒಪ್ಪಿಗೆ ಸಿಕ್ಕಿತು ಅಂತಲೇ ಅರ್ಥ.

ಹಾಗಾದರೆ ಏನು ತಗೋಬೇಕು? ನನ್ನ ಉತ್ತರ ಪುಟ್ಟ ಪಿಸಿ, ಮಿನಿ ಪಿಸಿ ಅಂತಾರಲ್ಲ, ಅದು. ಹದಿನೆಂಟು ಸೆಂಟಿಮೀಟರ್ ಅಗಲ, ಅಷ್ಟೇ ಉದ್ದ, ಮೂರೂವರೆ ಸೆಂಟಿಮೀಟರ್ ದಪ್ಪ. ಒಂದು ಲೀಟರ್ ಹಾಲಿನಷ್ಟು ಜಾಗ. 2023ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಲ್ಯಾಪ್‌ಟಾಪ್ ಆಮದಿಗೆ ಲೈಸೆನ್ಸ್ ಬೇಕು ಅಂತ ಆದೇಶ ಹೊರಡಿಸಿ ಗದ್ದಲ ಎಬ್ಬಿಸಿತ್ತಲ್ಲ, ಆ ಪಟ್ಟಿಯಲ್ಲಿ ಇದಕ್ಕೂ ಒಂದು ಹೆಸರಿತ್ತು: ಅಲ್ಟ್ರಾ ಸ್ಮಾಲ್ ಫಾರ್ಮ್ ಫ್ಯಾಕ್ಟರ್ ಕಂಪ್ಯೂಟರ್. ದಿಲ್ಲಿಯ ಕಡತಕ್ಕೆ ಗೊತ್ತಿರುವ ಈ ಡಬ್ಬಿ ನಮ್ಮ ತಾಲ್ಲೂಕಿನ ಅಂಗಡಿಯವರಿಗೆ ಗೊತ್ತಿಲ್ಲ. ಕೇಳಿದರೆ "ಸೆಟ್‌ಟಾಪ್ ಬಾಕ್ಸೇನ್ರೀ?" ಅಂತಾರೆ.

ಇದರಲ್ಲಿ ಮೂರು ಜಾತಿ. ಮೊದಲನೆಯದು ಇಂಟೆಲ್ ಎನ್100, ಎನ್150 ಥರದ ಚಿಪ್ಪಿನ ಹೊಸ ಡಬ್ಬಿಗಳು. ಬಹಳ ಕಡಿಮೆ ಕರೆಂಟ್ ತಿನ್ನುತ್ತವೆ. ಓದು, ಬರಹ, ವಿಡಿಯೋ, ಕೋಡಿಂಗ್ ಕಲಿಯೋದಕ್ಕೆ ಧಾರಾಳ ಸಾಕು. ಆಟ ಅಂದರೆ ಹಳೆಯವು, ಟು-ಡಿ ಆಟಗಳು, ಅಷ್ಟೇ. ಎರಡನೆಯದು ರೇಡಿಯಾನ್ 680ಎಂ, 780ಎಂ ಗ್ರಾಫಿಕ್ಸ್ ಒಳಗೇ ಇರುವ ಎಎಂಡಿ ರೈಜೆನ್ ಡಬ್ಬಿಗಳು. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಜಿಟಿಎ ಫೈವ್, ವ್ಯಾಲೊರಂಟ್ ಎಲ್ಲ ನೀಟಾಗಿ ಓಡಿಸುತ್ತವೆ. ನಿಮಗೆ ನಿಜವಾಗಿ ಬೇಕಾದದ್ದು ಇದು, ಆ ಜಾತ್ರೆ ಲೈಟಿನ ಲ್ಯಾಪ್‌ಟಾಪ್ ಅಲ್ಲ. ಮ್ಯಾಕ್ ಮಿನಿ ಬಗ್ಗೆ ಕೇಳ್ತೀರಿ, ಗೊತ್ತು. 2024ರ ಎಂ4 ಮ್ಯಾಕ್ ಮಿನಿ ಭಾರತಕ್ಕೆ ಬಂದಾಗ 59,900 ರೂಪಾಯಿ. ಯಂತ್ರ ಅದ್ಭುತ. ಆದರೆ ರ‍್ಯಾಮ್ ಮುಂದೆಂದೂ ಹೆಚ್ಚಿಸಲಿಕ್ಕೆ ಬರೋದಿಲ್ಲ, ವಿಂಡೋಸಿನ ಎಷ್ಟೋ ಆಟ ಅದರಲ್ಲಿ ಓಡೋದಿಲ್ಲ.

ನಾನು ಆರಿಸಿದ್ದು ಮೂರನೆಯ ಜಾತಿ: ಕಂಪನಿಗಳು ಬಳಸಿ ಹೊರಗೆ ಹಾಕಿದ ಒಂದು ಲೀಟರಿನ ಆಫೀಸ್ ಡಬ್ಬಿ. ಲೆನೊವೊದಲ್ಲಿ ಟೈನಿ, ಡೆಲ್‌ನಲ್ಲಿ ಮೈಕ್ರೋ, ಎಚ್‌ಪಿಯಲ್ಲಿ ಮಿನಿ ಅಂತ ಹೆಸರು. ನೀವು ಆಫೀಸಿನಲ್ಲಿ ಮಾನಿಟರ್ ಹಿಂದೆ ನೋಡಿರುತ್ತೀರಿ, ಗಮನಿಸಿರೋದಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಪೇರಿಸಿ ಇಟ್ಟಿರುತ್ತಾರೆ. ಆದರೆ ಇಲ್ಲೊಂದು ಗುಂಡಿ ಇದೆ, ಬೀಳಬೇಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಕಾಲ ಮುಗಿಯಿತು. ವಿಂಡೋಸ್ 11ಕ್ಕೆ ಸಾಮಾನ್ಯವಾಗಿ ಇಂಟೆಲ್‌ನ ಎಂಟನೇ ತಲೆಮಾರಿನ ಚಿಪ್ಪಾದರೂ ಬೇಕು. ಅದಕ್ಕೇ ಆರನೇ, ಏಳನೇ ತಲೆಮಾರಿನವು ತೀರಾ ಸೋವಿಯಾಗಿ ಬಿದ್ದಿವೆ. "ಐ-ಸೆವೆನ್ ಸರ್, ಐ-ಸೆವೆನ್" ಅಂತ ಕೂಗಿದರೆ ಮರುಳಾಗಬೇಡಿ. ಐದೋ ಏಳೋ ಅನ್ನೋದಕ್ಕಿಂತ ಅದರ ಮುಂದಿನ ಸಂಖ್ಯೆ 8ರಿಂದ ಮೇಲಿದೆಯಾ ನೋಡಿ. ಲಿನಕ್ಸ್ ಹಾಕುವವರಿಗೆ ಈ ಚಿಂತೆ ಇಲ್ಲ, ಆದರೆ ವ್ಯಾಲೊರಂಟ್ ಥರದ ಆಟ ಲಿನಕ್ಸಿನಲ್ಲಿ ಓಡೋದಿಲ್ಲ.

ನನಗೆ ಸಿಕ್ಕಿದ್ದು ಐ5-8500ಟಿ. ಆರು ಕೋರ್, 35 ವ್ಯಾಟಿನ ಚಿಪ್ಪು. ಎಂಟು ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಕೀಬೋರ್ಡು, ಮೌಸು ಸೇರಿ 14 ಸಾವಿರ ಚಿಲ್ಲರೆ. ಅದರೊಳಗಿನ ಯುಎಚ್‌ಡಿ 630 ಗ್ರಾಫಿಕ್ಸಿನಲ್ಲಿ ಮೈನ್‌ಕ್ರಾಫ್ಟ್, ಸ್ಟಾರ್‌ಡ್ಯೂ ವ್ಯಾಲಿ, ವೈಸ್ ಸಿಟಿ, ಸ್ಯಾನ್ ಆಂಡ್ರಿಯಾಸ್ ಆರಾಮಾಗಿ ಓಡುತ್ತವೆ. ಜಿಟಿಎ ಫೈವ್ ಬೇಕಂದರೆ 720ಪಿಗೆ ಇಳಿಸಿ ತೆವಳಿಸಬೇಕು. ತೆವಳಲಿ. ನಾನು ಕಲಿತದ್ದೂ ತೆವಳುವ ಕಂಪ್ಯೂಟರಿನಲ್ಲೇ.

ಕರೆಂಟಿನ ಲೆಕ್ಕ ಹೇಳದಿದ್ದರೆ ನಮ್ಮ ಕಡೆಯವರು ಒಪ್ಪೋದಿಲ್ಲ. ಅಕ್ಕನ ಮನೆಯಲ್ಲಿ ಇನ್ವರ್ಟರ್ ಇದೆ, 12 ವೋಲ್ಟ್, 150 ಎಎಚ್ ಬ್ಯಾಟರಿ. ಅಂದರೆ 1,800 ವ್ಯಾಟ್-ಅವರ್. ಹಳೇ ಬ್ಯಾಟರಿ, ಅರ್ಧವೇ ಸಿಗುತ್ತದೆ ಅಂದುಕೊಳ್ಳಿ, 900. ಡಬ್ಬಿ, 32 ಇಂಚಿನ ಟಿವಿ ಎರಡೂ ಸೇರಿ ನೂರು ವ್ಯಾಟ್ ಹಿಡಿದರೂ ಒಂಬತ್ತು ತಾಸು ನಡೆಯುತ್ತದೆ. ದೊಡ್ಡ ಗೇಮಿಂಗ್ ಡೆಸ್ಕ್‌ಟಾಪ್ ಆಟದ ಹೊತ್ತಿನಲ್ಲಿ 350 ವ್ಯಾಟ್ ತಿಂದರೆ ಎರಡೂವರೆ ತಾಸಿಗೆ ಮನೆಯೆಲ್ಲ ಕತ್ತಲೆ. ಗೃಹಜ್ಯೋತಿಯ ಲೆಕ್ಕ ಬೇರೆ ಇದೆ. 200 ಯೂನಿಟ್ ಪುಕ್ಕಟೆ ಅಂತ ನಾವು ಅಂದುಕೊಂಡಿರುತ್ತೇವೆ. ಪುಕ್ಕಟೆ ಸಿಗೋದು ಹಿಂದಿನ ಸರಾಸರಿಯ ಮೇಲೆ ಶೇಕಡಾ 10 ಮಾತ್ರ. ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇರುವ ಮನೆಗಳಿಗೆ 2024ರಲ್ಲಿ ಅದನ್ನು 10 ಯೂನಿಟ್ ಅಂತ ಮಾಡಿದರು. ಡಬ್ಬಿ, ಟಿವಿ ಸೇರಿ 80 ವ್ಯಾಟಿನ ಹಾಗೆ ದಿನಕ್ಕೆ ನಾಲ್ಕು ತಾಸು ಓಡಿದರೆ ತಿಂಗಳಿಗೆ 9.6 ಯೂನಿಟ್. ಆ ಹತ್ತರೊಳಗೇ ಕೂತಿತು. 350 ವ್ಯಾಟಿನದ್ದಾದರೆ 42. ಮೊದಲ ಬಿಲ್ಲಿಗೇ ಭಾವ ಕಂಪ್ಯೂಟರನ್ನು ಅಟ್ಟಕ್ಕೆ ಏರಿಸುತ್ತಿದ್ದರು.

ನವೆಂಬರಿನಲ್ಲಿ ಅವ್ವ ಬೆಂಗಳೂರಿಗೆ ಬಂದಿದ್ದಳು, ಪದ್ಧತಿಯ ಪ್ರಕಾರ ಬುಟ್ಟಿ ತುಂಬ ರೊಟ್ಟಿ ಹೊತ್ತುಕೊಂಡು. ಹೋಗುವಾಗ ಖಾಲಿ ಬುಟ್ಟಿಯಲ್ಲಿ ಡಬ್ಬಿ ಇಟ್ಟು, ರೊಟ್ಟಿ ಸುತ್ತಿದ್ದ ಅರಿವೆಯಲ್ಲೇ ಸುತ್ತಿ ಕೊಟ್ಟೆ. "ಇಷ್ಟ ಏನು? ಉಳಿದದ್ದೆಲ್ಲೈತಿ?" ಅಂದಳು.

ದೊಡ್ಡ ಇಂಜಿನಿಯರ್ ಎರಡು ತಪ್ಪು ಮಾಡಿದ್ದ. ಮರುದಿನ ಫೋನ್ ಬಂತು. "ಮಾಮಾ, ಟಿವಿ ವೈರ್ ಹಿಡಸವಲ್ದು. ಇದರ ಬಾಯಿ ಬ್ಯಾರೆ ಐತಿ. ಒಂದ ಮೂಲಿ ಅಷ್ಟ ಕತ್ತರಿಸಿದಂಗ ಐತಿ." ಡಿಸ್‌ಪ್ಲೇ ಪೋರ್ಟ್. ಆಫೀಸ್ ಡಬ್ಬಿಗಳಲ್ಲಿ ಎಷ್ಟೋ ಸಲ ಅದಷ್ಟೇ ಇರುತ್ತದೆ, ಟಿವಿಗೆ ಎಚ್‌ಡಿಎಂಐ ಬೇಕು. ನಾಲ್ಕುನೂರು ರೂಪಾಯಿಯ ಕನ್ವರ್ಟರ್ ಮರೆತಿದ್ದೆ. ಶನಿವಾರ ಅವಳ ಅಣ್ಣ ಧಾರವಾಡದಿಂದ ತಂದುಕೊಟ್ಟ. ಎರಡನೆಯದು, ಅದರಲ್ಲಿ ವೈಫೈ ಕಾರ್ಡೇ ಇರಲಿಲ್ಲ. ಅದನ್ನ ನೆನಪಿಸಿಕೊಂಡು ನಾನು ಗಾಬರಿಯಲ್ಲಿ ಫೋನ್ ಮಾಡಿದರೆ, "ಮೊಬೈಲಿನ ಚಾರ್ಜರ್ ವೈರ್ ಹಚ್ಚಿ ಟೆದರಿಂಗ್ ಮಾಡೇನಿ, ನೆಟ್ ಬರಾಕತ್ತೇತಿ" ಅಂದಳು. ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ತಮ್ಮನ ಆಟ ಡೌನ್‌ಲೋಡ್ ಆಗಬೇಕಾಗಿತ್ತು, ಅವ ಅಳುತ್ತಿದ್ದ. ನೋಡಿ, ಗೇಮು ಬೇಕು ಅಂದದ್ದು ಇದಕ್ಕೇ.

ಮುಂದಿನ ವಾರ ಜಿಟಿಎ ಯಾಕೆ 1080ಪಿಯಲ್ಲಿ ತೆವಳುತ್ತದೆ, 720ಪಿಯಲ್ಲಿ ಯಾಕೆ ಓಡುತ್ತದೆ ಅಂತ ಕೇಳಿದಳು. 1920ನ್ನ 1080ರಿಂದ ಗುಣಿಸು, 1280ನ್ನ 720ರಿಂದ ಗುಣಿಸು ಅಂದೆ. 20,73,600 ಒಂದು, 9,21,600 ಇನ್ನೊಂದು. "ಎರಡೂಕಾಲು ಪಟ್ಟು ಕೆಲಸ, ಅದೂ ಸೆಕೆಂಡಿಗೆ ಮೂವತ್ತ ಸಲ. ಪಾಪ ಮಾಮಾ ಅದು" ಅಂದಳು. ಯಂತ್ರದ ಬಗ್ಗೆ ಪಾಪ ಅನ್ನಿಸಿತು ಅಂದರೆ ಕಂಪ್ಯೂಟರ್ ಸೈನ್ಸ್ ಶುರುವಾಯಿತು ಅಂತಲೇ ಲೆಕ್ಕ.

ನಿಮ್ಮ ಕಡೆಯಿಂದ ಬರುವ ಆಕ್ಷೇಪಗಳು ಗೊತ್ತು. ಕರೆಂಟ್ ಹೋದರೆ ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆಯಲ್ಲ ಅಂತೀರಿ. ನಿಜ. ಇನ್ವರ್ಟರ್ ಇಲ್ಲದ ಮನೆಗೆ ಸಾದಾ ಲ್ಯಾಪ್‌ಟಾಪೇ ವಾಸಿ. ಹಾಸ್ಟೆಲಿಗೆ ಹೋಗುವವರಿಗೂ ಅದೇ ಸರಿ. ರಾಮದುರ್ಗದವ ಇನ್ನೊಂದು ಹೇಳಿದ: 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದಾಗ ಅವರ ಮನೆಯವರು ಕಾಗದಪತ್ರ ಎತ್ತಿಕೊಂಡು ಓಡಿದರು, ಕಂಪ್ಯೂಟರಿನ ದೊಡ್ಡ ಡಬ್ಬ, ಯುಪಿಎಸ್ ಎಲ್ಲ ನೀರು ಪಾಲಾಯಿತು. ಅದಕ್ಕೇ ಅವನಿಗೆ ಲ್ಯಾಪ್‌ಟಾಪಿನ ಮೇಲೆ ಜೀವ. ಆ ಮಾತಿಗೆ ನಾನು ತಲೆಬಾಗುತ್ತೇನೆ. ಆದರೆ ಈ ಡಬ್ಬಿಯನ್ನೂ ಬಗಲಲ್ಲಿ ಇಟ್ಟುಕೊಂಡು ಓಡಬಹುದು.

ಬಗಲಲ್ಲಿ ಹಿಡಿಸುವುದಾದರೆ ಇದನ್ನೂ ಅಣ್ಣ ಧಾರವಾಡಕ್ಕೆ ಒಯ್ಯಬಹುದಲ್ಲ? ಒಯ್ಯಬಹುದು. ಒಯ್ದು ಏನು ಮಾಡುತ್ತಾನೆ? ಟಿವಿ ಒಯ್ಯಲಿಕ್ಕೆ ಅಜ್ಜಿ ಬಿಡೋದಿಲ್ಲ. ಅಜ್ಜಿಯ ಧಾರಾವಾಹಿ ಸಂಜೆ ಏಳರಿಂದ ಒಂಬತ್ತು, ಆ ಹೊತ್ತು ಬಿಟ್ಟು ಉಳಿದದ್ದೆಲ್ಲ ಕಂಪ್ಯೂಟರಿಗೆ ಅಂತ ಮನೆಯಲ್ಲಿ ಒಪ್ಪಂದ ಆಗಿದೆ. ಈ ಡಬ್ಬಿಯ ದೊಡ್ಡ ಗುಣ ಅದರ ಚಿಪ್ಪಿನಲ್ಲಿಲ್ಲ. ಅದು ಒಬ್ಬರದಾಗೋದಿಲ್ಲ, ಮನೆಯದಾಗಿ ಉಳಿಯುತ್ತದೆ. ಲ್ಯಾಪ್‌ಟಾಪ್ ಕೊಟ್ಟರೆ ಅದು ಯಾರಿಗೋ ಹೋಗುತ್ತದೆ, ಆ ಯಾರೋ ನಮ್ಮ ಕಡೆ ಸಾಮಾನ್ಯವಾಗಿ ಗಂಡುಹುಡುಗನೇ. ಕಿತ್ತೂರು ಚೆನ್ನಮ್ಮನ ಉತ್ಸವಕ್ಕೆ ಪ್ರತಿ ವರ್ಷ ಸ್ಟೇಟಸ್ ಹಾಕುವ ನಾವು, ಮನೆಯ ಹುಡುಗಿಯ ಪಾಲಿಗೆ ಏನು ಉಳಿದಿದೆ ಅಂತ ನೋಡೋದಿಲ್ಲ.

ಮೊನ್ನೆ ಮತ್ತೆ ಫೋನ್ ಬಂತು.

"ಮಾಮಾ, ಹಿಂದಿನ ಸ್ಕ್ರೂ ತಗದ ಒಳಗ ನೋಡೇನಿ."

ನನ್ನ ಎದೆ ಧಸಕ್ಕೆಂದಿತು.

"ಪ್ಲಗ್ ಕಿತ್ತ ಮ್ಯಾಲೆ ತಗದೇನಿ, ಅಂಜಬ್ಯಾಡ. ಒಳಗ ರ‍್ಯಾಮ್ ಹಾಕೂ ಖಾನೆ ಎರಡ ಅದಾವ, ಒಂದು ಖಾಲಿ ಐತಿ. ಎರಡ ಕಡ್ಡಿ ಹಾಕಿದ್ರ ಆಟ ಚಲೋ ಓಡತಾವು ಅಂತ ನೀನ ಹೇಳಿದ್ದಿ. ಮತ್ತ ಒಂದ ಯಾಕ ಹಾಕಿ ಕಳಿಸಿದಿ?"

ಸಿಕ್ಕಿಬಿದ್ದೆ. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇರೋದಿಲ್ಲ, ಅದು ರ‍್ಯಾಮಿನಲ್ಲೇ ಪಾಲು ಕೇಳುತ್ತದೆ. ಎರಡು ಕಡ್ಡಿ ಇದ್ದರೆ ಎರಡು ದಾರಿ, ಒಂದಿದ್ದರೆ ಒಂದೇ ದಾರಿ. ಇದನ್ನೆಲ್ಲ ಅವಳಿಗೆ ಹೇಳಿ, ದುಡ್ಡು ಉಳಿಸಲಿಕ್ಕೆ ಒಂದೇ ಕಡ್ಡಿಯದ್ದನ್ನು ಕಳಿಸಿದ್ದೆ. ಈಗ ನೋಡಿದರೆ ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪನ್ನೆಲ್ಲ ಬಾಚಿಕೊಂಡು 2025ರ ಕೊನೆಯಿಂದ ರ‍್ಯಾಮಿನ ಬೆಲೆ ಗಗನಕ್ಕೆ ಏರಿದೆ.

ರಾತ್ರಿ ಮೇಜಿನ ಮೂಲೆಯಲ್ಲಿದ್ದ ನನ್ನ ಗೇಮಿಂಗ್ ಲ್ಯಾಪ್‌ಟಾಪನ್ನು ಮಗುಚಿ ಹಾಕಿ ಸ್ಕ್ರೂ ಬಿಚ್ಚಿದೆ. ಒಳಗೆ ಎಂಟೆಂಟು ಜಿಬಿಯ ಎರಡು ಡಿಡಿಆರ್4 ಕಡ್ಡಿ, ಅವಳ ಡಬ್ಬಿಗೆ ಸರಿಯಾಗಿ ಹಿಡಿಸುವಂಥವು. ಒಂದನ್ನು ಕಿತ್ತೆ. ಬರುವ ವಾರ ಊರಿಗೆ ಹೋಗುವ ಸವದತ್ತಿಯವನ ಕೈಯಲ್ಲಿ ಕಳಿಸುತ್ತಿದ್ದೇನೆ, ಗೇಮ್ ಹಾಕಬ್ಯಾಡ ಅಂದಿದ್ದನಲ್ಲ, ಅವನ ಕೈಯಲ್ಲೇ. ನನ್ನ 92 ಸಾವಿರದ ಯಂತ್ರ ಈಗ ಅರ್ಧ ರ‍್ಯಾಮಿನಲ್ಲಿ ನಡೀತಾ ಇದೆ. ಒಂದು ವಾರ ಆಯಿತು, ನನಗೆ ಏನೂ ವ್ಯತ್ಯಾಸ ಗೊತ್ತಾಗಿಲ್ಲ.